ದಿನದ ವಾಚನ ಒಂದು ಕಡೆ, ಸಂತರು ಇನ್ನೊಂದು ಕಡೆ: ಧ್ಯಾನ ಯಾವುದರ ಮೇಲೆ?

ದಿನವೂ ಕಥೋಲಿಕ ಚರ್ಚಿನ ಪೂಜೆಯ ವಾಚನಗಳನ್ನು, ಅಂದರೆ ಅಂದಿನ ಪೂಜೆಗೆ ಗೊತ್ತುಮಾಡಿದ ಬೈಬಲ್ ಭಾಗಗಳನ್ನು, ಓದಲು ಶುರು ಮಾಡಿದ್ದೀರಿ, ಜೊತೆಗೆ ಆ ದಿನದ ಸಂತರ ಚರಿತ್ರೆಯನ್ನೂ ನೋಡುತ್ತೀರಿ. ಆದರೆ ಎಷ್ಟೋ ದಿನ ಎರಡಕ್ಕೂ ತಾಳೆಯೇ ಆಗುವುದಿಲ್ಲ, ಯಾವುದನ್ನು ಹಿಡಿದು ಧ್ಯಾನ ಮಾಡಲಿ ಎಂದು ಕೇಳಿದ್ದೀರಿ. ವಾಚನವನ್ನು ಹಿಡಿಯಿರಿ. ಸಂತರು ಆಮೇಲೆ ತಾವಾಗಿಯೇ ಬರುತ್ತಾರೆ.

ತಾಳೆಯಾಗದಿರುವುದು ನಿಮ್ಮ ಓದಿನ ಕೊರತೆಯಲ್ಲ. ಜಗತ್ತಿನ ಕಥೋಲಿಕ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ ಬಂದ ವಾಚನಕ್ರಮದಲ್ಲಿ ಸಾಧಾರಣ ಕಾಲದ (ಕ್ರಿಸ್ಮಸ್, ಈಸ್ಟರ್ ಮತ್ತು ಅವುಗಳ ಸಿದ್ಧತೆಯ ಕಾಲ ಬಿಟ್ಟು ಉಳಿದ ದಿನಗಳ) ವಾರದ ದಿನಗಳಿಗೆ ಮೊದಲು ಮಾರ್ಕ, ನಂತರ ಮತ್ತಾಯ, ಕೊನೆಗೆ ಲೂಕನ ಶುಭಸಂದೇಶ, ಅಂದರೆ ಯೇಸುವಿನ ಬದುಕು ಬೋಧನೆಗಳ ಪುಸ್ತಕ, ಸಾಲಾಗಿ ಬರುತ್ತದೆ. ಅಂದು ಯಾವ ಸಂತರ ದಿನ ಎಂಬುದನ್ನು ಆ ಸಾಲು ನೋಡುವುದಿಲ್ಲ. ಸಂತರ ದಿನವಾದರೋ ಸಾಮಾನ್ಯವಾಗಿ ಅವರು ತೀರಿಕೊಂಡ ತಾರೀಖು. ಎರಡೂ ತಮ್ಮ ತಮ್ಮ ದಾರಿಯಲ್ಲಿ ನಡೆಯುತ್ತಿರುತ್ತವೆ. ಸಂತರ ದಿನಗಳಿಗೆ ದರ್ಜೆಗಳಿವೆ: ಮೇಲಿನವಾದ ಮಹೋತ್ಸವ ಮತ್ತು ಹಬ್ಬಗಳಿಗೆ ಸ್ವಂತ ವಾಚನಗಳಿರುತ್ತವೆ. ಅವುಗಳಿಗಿಂತ ಕೆಳಗಿನ ದರ್ಜೆಯ ಬರೀ ಸ್ಮರಣೆಯಾದರೆ ಹೆಚ್ಚಾಗಿ ವಾರದ ದಿನದ ವಾಚನವೇ ಮುಂದುವರಿಯುತ್ತದೆ. ಆದ್ದರಿಂದ ಕ್ಯಾಲೆಂಡರಿನಲ್ಲಿ ಮೊದಲು ನೋಡಬೇಕಾದದ್ದು ಅಂದು ಹಬ್ಬವೋ ಸ್ಮರಣೆಯೋ ಎಂದು.

ಹಬ್ಬಕ್ಕೆ ಆಗಸ್ಟ್ 10ರ ಸಂತ ಲಾರೆನ್ಸರನ್ನು ನೋಡಿ. ನಮ್ಮ ಕರಾವಳಿಯವರಿಗೆ ಲಾರೆನ್ಸರೆಂದರೆ ಕಾರ್ಕಳದ ಅತ್ತೂರು, ಜನವರಿಯ ಜಾತ್ರೆ, ಮೇಣದ ಬತ್ತಿ, ಎಲ್ಲ ಜಾತಿ ಧರ್ಮದವರ ನೂಕುನುಗ್ಗಲು. ಧರ್ಮಸಭೆಯ ಕ್ಯಾಲೆಂಡರಿನ ದಿನ ಮಾತ್ರ ಆಗಸ್ಟಿನಲ್ಲಿ, ಮಳೆಗಾಲದ ನಡುವೆ, ಗದ್ದಲವಿಲ್ಲದೆ ಬರುತ್ತದೆ. ಅಂದಿನ ವಾಚನಗಳನ್ನು ಅವರಿಗಾಗಿಯೇ ಆರಿಸಿದ್ದಾರೆ. ಪೌಲನ ಪತ್ರದಲ್ಲಿ ಧಾರಾಳವಾಗಿ ಬಿತ್ತುವವನ ಮಾತು, ಕೀರ್ತನೆಯಲ್ಲಿ ಬಡವರಿಗೆ ಕೈಬಿಚ್ಚಿ ಕೊಡುವವನ ಮಾತು, ಶುಭಸಂದೇಶದಲ್ಲಿ ನೆಲಕ್ಕೆ ಬಿದ್ದು ಸಾಯುವ ಗೋಧಿಯ ಕಾಳು. ಲಾರೆನ್ಸ್ ರೋಮಿನ ಡೀಕನ್, ಅಂದರೆ ಗುರುಗಳಿಗಿಂತ ಕೆಳಗಿನ ದರ್ಜೆಯ ಧರ್ಮಸೇವಕ. ಧರ್ಮಸಭೆಯ ಹಣದಿಂದ ಬಡವರನ್ನು ನೋಡಿಕೊಳ್ಳುವುದು ಅವರ ಹೊಣೆಯಾಗಿತ್ತು. ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ಅಧಿಕಾರಿ ಕೇಳಿದಾಗ ಬಡವರನ್ನೇ ಕರೆತಂದು ಇವರೇ ನಮ್ಮ ಸಂಪತ್ತು ಎಂದರಂತೆ. 258ರಲ್ಲಿ ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ ಅವರನ್ನು ಕೊಂದರು. ಇಂಥ ದಿನ ನಾವು ಸಂಬಂಧ ಹುಡುಕುವುದೇ ಬೇಡ, ಓದುತ್ತಾ ಹೋದರೆ ಸಾಕು. (2025ರಲ್ಲಿ ಆಗಸ್ಟ್ 10 ಭಾನುವಾರ ಬಿತ್ತು. ಭಾನುವಾರದ ಮುಂದೆ ಇಂಥ ಹಬ್ಬ ಹಿಂದೆ ಸರಿಯುತ್ತದೆ, ಹಾಗಾಗಿ ಆ ವರ್ಷ ಈ ವಾಚನಗಳು ಬರಲಿಲ್ಲ.)

ನೀವು ಕೇಳಿದ್ದು ಮಾತ್ರ ಇನ್ನೊಂದು ಬಗೆಯ ದಿನಗಳ ಬಗ್ಗೆ. ಅಂಥ ಒಂದು ದಿನ ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದಿದೆ: ಅದೇ 2025ರ ಆಗಸ್ಟ್ 27, ಸಂತ ಮೋನಿಕರ ಸ್ಮರಣೆ. ದಾರಿ ತಪ್ಪಿದ್ದ, ಮುಂದೆ ತಾನೇ ಸಂತನಾದ ಮಗ ಅಗಸ್ಟೀನನಿಗಾಗಿ ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದ ತಾಯಿ. ಅಂದಿನ ಶುಭಸಂದೇಶ ಮತ್ತಾಯನ 23ನೇ ಅಧ್ಯಾಯದ್ದು. ಯೇಸುಸ್ವಾಮಿ ಧರ್ಮಶಾಸ್ತ್ರಿಗಳನ್ನೂ ಕಟ್ಟುನಿಟ್ಟಿನ ಯೆಹೂದಿ ಪಂಥದವರಾದ ಫರಿಸಾಯರನ್ನೂ ಸುಣ್ಣ ಬಳಿದ ಸಮಾಧಿಗಳೆಂದು ಗದರುವ ಭಾಗ: ಹೊರಗೆ ಚೆಂದ, ಒಳಗೆ ಎಲುಬು. ಕಣ್ಣೀರಿಟ್ಟ ತಾಯಿಗೂ ಈ ಗದರಿಕೆಗೂ ಎಲ್ಲಿಯ ಸಂಬಂಧ ಅನ್ನಿಸುತ್ತದೆ.

ಆದರೆ ಸಮಾಧಿ ಎಂಬುದನ್ನು ಬಿಡದೆ ಯೋಚಿಸುತ್ತಾ ಕುಳಿತಾಗ ಮೋನಿಕರ ಕೊನೆಯ ದಿನಗಳು ನೆನಪಾದವು. ಊರಿಗೆ, ಆಫ್ರಿಕಾಕ್ಕೆ, ಹಿಂದಿರುಗುವ ದಾರಿಯಲ್ಲಿ 387ರಲ್ಲಿ ಅವರು ರೋಮಿನ ಬಳಿಯ ಓಸ್ತಿಯಾದಲ್ಲಿ ಕಾಯಿಲೆ ಬಿದ್ದರು. ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂದು ಜಾಗವನ್ನು ಮೊದಲೇ ಸಿದ್ಧ ಮಾಡಿಸಿಟ್ಟಿದ್ದವರು, ಕೊನೆಗೆ ಆ ಆಸೆಯನ್ನೇ ಬಿಟ್ಟುಬಿಟ್ಟರು. ಈ ದೇಹವನ್ನು ಎಲ್ಲಾದರೂ ಹೂಳಿ, ನೀವು ಎಲ್ಲೇ ಇದ್ದರೂ ಪ್ರಭುವಿನ ಪೀಠದ ಬಳಿ ನನ್ನನ್ನು ನೆನೆಯಿರಿ, ಅಷ್ಟೇ ಎಂದರು. ಇಷ್ಟು ದೂರದಲ್ಲಿ ಮಣ್ಣಾಗಲು ಭಯವಿಲ್ಲವೇ ಎಂದು ಯಾರೋ ಕೇಳಿದ್ದಕ್ಕೆ, ದೇವರಿಗೆ ಯಾವುದೂ ದೂರವಲ್ಲ ಎಂದರಂತೆ. ಇದನ್ನೆಲ್ಲ ಮಗನೇ ಬರೆದಿಟ್ಟಿದ್ದಾನೆ. ಸಮಾಧಿಗೆ ಸುಣ್ಣ ಬಳಿಯುವವರ ವಾಚನದ ದಿನ, ಸಮಾಧಿಯ ಚಿಂತೆಯನ್ನೇ ಕೈಬಿಟ್ಟ ಹೆಂಗಸಿನ ಸ್ಮರಣೆ! ಅಂದಿನ ಕೀರ್ತನೆ 139ನೆಯದು. ಸಮುದ್ರದ ಕಟ್ಟಕಡೆಗೆ ಹೋದರೂ ಅಲ್ಲಿಯೂ ನಿನ್ನ ಕೈ ನನ್ನನ್ನು ನಡೆಸುತ್ತದೆ ಎನ್ನುವುದು. ಅದನ್ನು ಮೋನಿಕರ ಬಾಯಲ್ಲೇ ಕೇಳಿದಂತಾಯಿತು.

ಮೋನಿಕರ ದಿನಕ್ಕೆ ನಾಯಿನ್ ಊರಿನ ವಿಧವೆಯ ಮಗ ಜೀವ ಪಡೆದ ಭಾಗವನ್ನೂ ಓದುವ ಅವಕಾಶವಿದೆ; ನಿಮ್ಮ ಚರ್ಚಿನಲ್ಲಿ ಗುರುಗಳು ಅದನ್ನೇ ಓದಿದರೆ ಗಲಿಬಿಲಿಯಾಗಬೇಡಿ. ಅದು ತಾಯಿ ಮಗನ ಕಥೆಗೆ ಸರಿಯಾಗಿ ಕೂರುತ್ತದೆ, ನಿಜ. ನನಗೆ ಮಾತ್ರ ವಾರದ ವಾಚನವೇ ಹೆಚ್ಚು ಇಷ್ಟ. ಮೋನಿಕರೆಂದರೆ ಬರೀ ಕಣ್ಣೀರು ಎಂದುಕೊಂಡಿದ್ದವರಿಗೆ ಅವರ ಧೈರ್ಯವನ್ನು ತೋರಿಸಿದ್ದು ಆ ಗದರಿಕೆಯ ಭಾಗವೇ.

ಹೀಗಾಗಿ ನಾನು ಓದುವ ಕ್ರಮ ಇಷ್ಟೇ. ಸಂತರ ಹೆಸರನ್ನು ಕೂಡ ನೋಡದೆ ಮೊದಲು ಶುಭಸಂದೇಶ, ಸಾಧ್ಯವಾದರೆ ಗಟ್ಟಿಯಾಗಿ. ಎಲ್ಲಿ ಮನಸ್ಸು ನಿಲ್ಲುತ್ತದೋ ಆ ಒಂದು ಸಾಲಿನ ಬಳಿ ನಿಲ್ಲುತ್ತೇನೆ. ನಂತರ ಸಂತರ ಚರಿತ್ರೆ. ಈ ಸಾಲನ್ನು ಇವರು ಬದುಕಿನ ಯಾವ ಗಳಿಗೆಯಲ್ಲಿ ಎದುರಿಸಿರಬಹುದು ಎಂದು ಕೇಳಿಕೊಳ್ಳುತ್ತೇನೆ. ಏನೂ ಹೊಳೆಯದ ದಿನಗಳು ಬೇಕಾದಷ್ಟಿವೆ. ಅಂದು ಎಳೆದು ತಂದು ಗಂಟು ಹಾಕುವುದಿಲ್ಲ; ನನಗಾಗಿ ಪ್ರಾರ್ಥಿಸಿ ಎಂದು ಆ ಸಂತರನ್ನು ಕೇಳಿಕೊಂಡು ಎದ್ದುಬಿಡುತ್ತೇನೆ.

ನಡುವೆ ದಿನಗಳು ತಪ್ಪಿಹೋದರೆ ಹಿಂದಿನದೆಲ್ಲವನ್ನೂ ಒಟ್ಟಿಗೆ ಓದಿ ಮುಗಿಸಲು ಹೋಗಬೇಡಿ, ಇಂದಿನದರಿಂದ ಶುರು ಮಾಡಿ. ಸಾಧಾರಣ ಕಾಲದ ವಾರದ ಶುಭಸಂದೇಶ ಪ್ರತಿ ವರ್ಷವೂ, ಮೊದಲನೇ ವಾಚನ ಎರಡು ವರ್ಷಕ್ಕೊಮ್ಮೆಯೂ ಮತ್ತೆ ಬರುತ್ತದೆ. ಹಾಗೆ ಬಂದಾಗ ಬೇರೊಬ್ಬ ಸಂತರ ಜೊತೆಗೂ ಬರಬಹುದು. 2024ರಲ್ಲಿ ಅದೇ ಸುಣ್ಣದ ಸಮಾಧಿಯ ಭಾಗ ಬಂದದ್ದು ಆಗಸ್ಟ್ 28ಕ್ಕೆ, ಮಗ ಅಗಸ್ಟೀನರ ಸ್ಮರಣೆಯ ದಿನ.