ಕಿವಿಯ ಗುಗ್ಗೆ: ನೀರೋ, ಸಕ್ಷನ್ನೋ?

ಹೊರದೇಶಕ್ಕೆ ಬಂದು ಎರಡು ತಿಂಗಳು, ಬಲಗಿವಿ ಗವ್ ಅಂತ ಮುಚ್ಚಿಕೊಂಡಿದೆ, ಕ್ಲಿನಿಕ್‌ನವರು ‘ನೀರು ಹಾಕಿ ತೊಳೆಯೋಣವಾ, ಮೈಕ್ರೋಸಕ್ಷನ್ (ಕೊಳವೆಯಲ್ಲಿ ಹೀರಿ ತೆಗೆಯುವುದು) ಮಾಡೋಣವಾ’ ಅಂತ ನಿಮ್ಮನ್ನೇ ಕೇಳಿದರು ಅಂದಿರಿ. ಊರು ಬಿಟ್ಟು ಹದಿನೆಂಟು ವರ್ಷವಾಯಿತು, ಎರಡನ್ನೂ ಮಾಡಿಸಿಕೊಂಡಿದ್ದೇನೆ. ನನ್ನ ಓಟು ಸಕ್ಷನ್‌ಗೆ.

ನೀರಿನದು ಕೆಟ್ಟದ್ದೇನಲ್ಲ. ಸಣ್ಣ ಮೆಷಿನ್ನು ಹದವಾದ ಒತ್ತಡದಲ್ಲಿ ನೀರು ಬಿಡುತ್ತದೆ, ಅದು ಗುಗ್ಗೆಯ ಹಿಂದೆ ಹೋಗಿ ಹೊರಗೆ ತಳ್ಳುತ್ತದೆ. ಹಳೇ ಕಾಲದ ದಪ್ಪ ಸಿರಿಂಜು ತೆಗೆದರೆ ಮಾತ್ರ ಬೇಡ ಅನ್ನಿ, ಅದರಲ್ಲಿ ಒತ್ತಡವೆಲ್ಲ ಕೈ ಅಂದಾಜು. ನೀರು ಮೈಯಷ್ಟೇ ಬೆಚ್ಚಗೆ, ಸುಮಾರು 37 ಡಿಗ್ರಿ ಇರಬೇಕು. ನನಗೊಮ್ಮೆ ತಣ್ಣಗಿನ ನೀರು ಹೋಗಿ ತಲೆ ಗಿರ್ ಅಂದಿತು. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತಿದ್ದೆ.

ಆದರೆ ಕಿವಿಯ ತಮಟೆಯಲ್ಲಿ, ಅಂದರೆ ಒಳಗಿನ ತೆಳು ಪರದೆಯಲ್ಲಿ, ತೂತಿದ್ದರೆ, ಕಿವಿ ಆಪರೇಷನ್ ಆಗಿದ್ದರೆ, ಸೋಂಕಿದ್ದರೆ ನೀರು ಬೇಡವೇ ಬೇಡ. ಹೊಸಬರು ಎಡವುವುದು ಇಲ್ಲೇ. ಮನೆ ಡಾಕ್ಟರಿಗೆ ನಮ್ಮ ಕಿವಿಯ ಕಥೆಯೆಲ್ಲ ಗೊತ್ತಿರುತ್ತಿತ್ತು, ಇಲ್ಲಿ ನಿಮ್ಮ ಫೈಲು ಖಾಲಿ. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತಾ ಅಂತ ಇವತ್ತೇ ಅಮ್ಮನಿಗೆ ಫೋನ್ ಮಾಡಿ ಕೇಳಿ. ಶುಗರ್ ಇದ್ದರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಮೊದಲೇ ಹೇಳಿಬಿಡಿ.

ಸಕ್ಷನ್‌ನಲ್ಲಿ ಮೈಕ್ರೋಸ್ಕೋಪ್‌ನಿಂದ ನೋಡುತ್ತಲೇ ತೆಳು ಕೊಳವೆಯಲ್ಲಿ ಎಳೆಯುತ್ತಾರೆ. ಕಿವಿ ಒದ್ದೆಯಾಗುವುದಿಲ್ಲ. ಎಲ್ಲಿ ಮುಟ್ಟುತ್ತಿದ್ದೇವೆ ಅನ್ನುವುದು ಅವರಿಗೆ ಕಾಣುತ್ತಿರುತ್ತದೆ, ನನಗೆ ಅದೇ ದೊಡ್ಡ ಸಮಾಧಾನ. ಸದ್ದು ಮಾತ್ರ ಜೋರು. ತಲೆಯೊಳಗೇ ಯಾರೋ ಸ್ಟ್ರಾದಲ್ಲಿ ಲೋಟದ ತಳ ಹೀರಿದ ಹಾಗೆ. ಆ ಗದ್ದಲದಲ್ಲಿ ಅವರ ಮಾತು ನಿಮಗೆ ಕೇಳಿಸುವುದಿಲ್ಲ. ‘ಕೈ ಎತ್ತಿದರೆ ನಿಲ್ಲಿಸಿ’ ಅಂತ ಮೊದಲೇ ಮಾತಾಡಿಕೊಳ್ಳಿ. ಗುಗ್ಗೆ ಕಲ್ಲಿನಂತಾಗಿದ್ದರೆ ಸಣ್ಣ ಕೊಕ್ಕೆಯಲ್ಲೂ ತೆಗೆಯುತ್ತಾರೆ, ಅದಕ್ಕೆ ಪಳಗಿದ ಕೈ ಬೇಕು.

ಕಿವಿಗೆ ಮೇಣದ ಬತ್ತಿ ಇಟ್ಟು ಹಚ್ಚುವವರೂ ಸಿಗುತ್ತಾರೆ. ಅದು ಏನನ್ನೂ ಎಳೆಯುವುದಿಲ್ಲ, ಸುಟ್ಟುಕೊಳ್ಳುತ್ತೀರಿ ಅಷ್ಟೆ. ಬಡ್ಸ್ ಕೂಡ ಹಾಕಬೇಡಿ, ಇರುವ ಗುಗ್ಗೆ ಒಳಗೆ ಹೋಗಿ ಕೂರುತ್ತದೆ.

ಕಿವಿ ಮುಚ್ಚಿದ್ದು ನಿಧಾನಕ್ಕಾ, ಇದ್ದಕ್ಕಿದ್ದಂತೆಯಾ? ದಿಢೀರ್ ಅಂತ ಕೇಳಿಸದೇ ಹೋಗಿದ್ದರೆ ಗುಗ್ಗೆ ಅಂತ ಸುಮ್ನೆ ಕೂರದೆ ಅವತ್ತೇ ಡಾಕ್ಟರಿಗೆ ತೋರಿಸಿ. ಹಾಗಲ್ಲ, ತಮಟೆಯೂ ಸರಿಯಿದೆ ಅಂದರೆ, ಹೋಗುವ ಮೂರ್ನಾಲ್ಕು ದಿನ ಮೊದಲಿಂದ ಆಲಿವ್ ಎಣ್ಣೆಯ ಹನಿ ಹಾಕಿ. ಕಿವಿ ಇನ್ನೂ ಜಾಸ್ತಿ ಕಟ್ಟಿದ ಹಾಗಾಗಬಹುದು, ಗಾಬರಿಯಾಗಬೇಡಿ. ಗುಗ್ಗೆ ಮೆತ್ತಗಾಗುತ್ತಿರುತ್ತದೆ.