ನಾಲ್ಕು ತಿಂಗ್ಳು ಶೆಡ್ಡಲ್ಲೇ ನಿಲ್ಲೋ ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿಡ್ಬೇಕಾ?

ಬಿಚ್ಚಿಡಿ ಅಣ್ಣ, ಒಳ್ಳೇದೇ. ಆದ್ರೆ ವಿಡಿಯೋಗಳಲ್ಲಿ ತುಂಬಾ ಚಳಿ ಇರೋ ದೇಶದ ಬೋಟಿನವ್ರು ಚಳಿಗಾಲಕ್ಕೆ ಬ್ಯಾಟರಿ ಬಿಚ್ಚಿ ಒಳಗಿಡ್ತಾರಲ್ಲ, ಅದರ ಕಾರಣ ಬೇರೆ. ಅಲ್ಲಿ ಕೆರೆ ಕೆರೆನೇ ಐಸ್ ಆಗುತ್ತೆ, ಚಾರ್ಜ್ ಇಳಿದಿರೋ ಬ್ಯಾಟರಿ ಒಳಗೆ ಆಸಿಡ್ ನೀರಾಗಿರುತ್ತಲ್ಲ, ಅದು ಗಟ್ಟಿಯಾಗಿ ಡಬ್ಬನೇ ಸೀಳುತ್ತೆ, ಫುಲ್ ಚಾರ್ಜ್ ಇದ್ರೆ ಅಷ್ಟು ಸುಲಭಕ್ಕೆ ಹೆಪ್ಪುಗಟ್ಟಲ್ಲ. ನಮ್ಮ ಚಿಂತಾಮಣಿ ಕಡೆ ಜನವರೀಲಿ ಎಷ್ಟೇ ಚಳಿ ಬಿದ್ರೂ ಆ ಭಯ ಇಲ್ಲ. ನಮ್ಮಲ್ಲಿ ಬ್ಯಾಟರಿ ಸಾಯೋದು ಬೇಸಿಗೇಲಿ. ರಾಗಿ ಒಕ್ಕಣೆ ಮುಗಿದ್ಮೇಲೆ ಗಾಡಿ ನಿಲ್ಸಿದ್ರೆ ಮತ್ತೆ ಮುಂಗಾರಿಗೇ ನೆನಪಾಗೋದು, ಅಷ್ಟರಲ್ಲಿ ತಗಡಿನ ಶೆಡ್ಡಲ್ಲಿ ಕಾದು ಕಾದು ತಾನಾಗೇ ಇಳಿದಿರುತ್ತೆ. ಬಿಸಿ 10 ಡಿಗ್ರಿ ಜಾಸ್ತಿ ಆದ್ರೆ ಇಳಿಯೋ ಸ್ಪೀಡು ಹೆಚ್ಚುಕಮ್ಮಿ ಡಬಲ್ ಆಗುತ್ತೆ. ಇಳಿದು ಹಂಗೇ ಬಿಟ್ರೆ ಒಳಗಿನ ಸೀಸದ ಪ್ಲೇಟ್ ಮೇಲೆ ಸಲ್ಫೇಟ್ ಅನ್ನೋ ಉಪ್ಪು ಕೂತ್ಕೊಂಡು ಗಟ್ಟಿಯಾಗುತ್ತೆ, ಆಮೇಲೆ ಎಷ್ಟು ಚಾರ್ಜ್ ಹಾಕಿದ್ರೂ ಕುಡಿಯಲ್ಲ.

ಅದಕ್ಕೆ ಮುಖ್ಯವಾದ್ದು ಒಂದೇ, ಫುಲ್ ಚಾರ್ಜ್ ಮಾಡಿ ಇಡಿ, ಫುಲ್ಲಾಗೇ ಇರೋ ಹಂಗೆ ನೋಡ್ಕೊಳಿ. ಬಿಚ್ಚೋವಾಗ ಮೊದ್ಲು ಮೈನಸ್, ಆಮೇಲೆ ಪ್ಲಸ್, ಹಾಕೋವಾಗ ಮೊದ್ಲು ಪ್ಲಸ್. ಉಲ್ಟಾ ಮಾಡಿದ್ರೆ ಪ್ಲಸ್ ಬಿಚ್ತಾ ಇರೋ ಸ್ಪ್ಯಾನರ್ ಗಾಡಿ ಕಬ್ಬಿಣಕ್ಕೆ ತಾಗಿದ ತಕ್ಷಣ ಶಾರ್ಟ್ ಆಗುತ್ತೆ, ಕೈ ಸುಡುತ್ತೆ. 88 ಆಂಪ್ ಅವರ್ ಬ್ಯಾಟರಿ ಆದ್ರೆ 8–9 ಆಂಪ್ಸಲ್ಲಿ ನಿಧಾನಕ್ಕೆ ಚಾರ್ಜ್ ಮಾಡಿ, ಗಾಳಿ ಆಡೋ ಜಾಗದಲ್ಲಿ, ಹತ್ರ ಬೀಡಿ ಬೆಂಕಿ ಏನೂ ಬೇಡ, ಬರೋ ಹೈಡ್ರೋಜನ್ ಗ್ಯಾಸು ಸಿಡಿಯುತ್ತೆ. ಚಾರ್ಜರ್ ತೆಗೆದು ರಾತ್ರಿಯೆಲ್ಲಾ ಬಿಟ್ಟು ಬೆಳಿಗ್ಗೆ ವೋಲ್ಟ್ ಮೀಟರ್ ಹಿಡೀರಿ, 12.6 ವೋಲ್ಟ್ ಮೇಲೆ ಬಂದ್ರೆ ಫುಲ್. ಆಮೇಲೆ ತಿಂಗಳಿಗೊಂದ್ಸಲ ನೋಡಿ, 12.4ಕ್ಕೆ ಇಳಿದ್ರೆ ಮತ್ತೆ ಚಾರ್ಜಿಗೆ ಹಾಕಿ, 12.2 ಅಂದ್ರೆ ಆಗ್ಲೇ ಅರ್ಧ ಖಾಲಿ.

ಬ್ಯಾಟರಿಗೆ ಹಾಕೋ ನೀರಿನ ವಿಷಯ ದಯವಿಟ್ಟು ಹಗುರಾಗಿ ತಗೋಬೇಡಿ. ನಮ್ಮ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಪಾತ್ರೆ ಮೇಲಿನ ಬಿಳಿ ಕರೆ ನೋಡಿದ್ರೇ ಗೊತ್ತಾಗುತ್ತೆ, ಅದನ್ನ ಸುರಿದ್ರೆ ಆ ಉಪ್ಪೆಲ್ಲಾ ಪ್ಲೇಟಿಗೇ. ಊರಲ್ಲಿರೋ ಶುದ್ಧ ನೀರಿನ ಘಟಕದ್ದೂ ಬೇಡ, ಅದು ಕುಡಿಯೋಕೆ ಸರಿ, ಬ್ಯಾಟರಿಗಲ್ಲ. ಡಿಸ್ಟಿಲ್ಡ್ ವಾಟರೇ ಹಾಕಿ, ಆಸಿಡ್ ಮಾತ್ರ ಯಾರು ಹೇಳಿದ್ರೂ ಸೇರಿಸ್ಬೇಡಿ. ಪ್ಲೇಟ್ ಕಾಣ್ತಿದ್ರೆ ಮುಳುಗೋವಷ್ಟು ಹಾಕಿ ಚಾರ್ಜ್ ಮಾಡಿ, ಲೆವೆಲ್‌ವರೆಗೂ ತುಂಬೋದು ಚಾರ್ಜ್ ಆದ್ಮೇಲೆ, ಇಲ್ಲಾಂದ್ರೆ ಉಕ್ಕಿ ಆಚೆ ಬರುತ್ತೆ.

ಟರ್ಮಿನಲ್ ಮೇಲಿನ ಬಿಳಿ ಪುಡಿನ ಅಡುಗೆ ಸೋಡಾ ನೀರಲ್ಲಿ ತೊಳೆದು (ಮುಚ್ಚಳ ಬಿಗಿಯಾಗಿರ್ಲಿ, ಸೋಡಾ ಒಳಗೆ ಹೋಗ್ಬಾರ್ದು) ಒಣಗಿಸಿ ವ್ಯಾಸ್ಲಿನ್ ಸವರಿ. ನೆಲದ ಮೇಲಿಟ್ರೆ ಚಾರ್ಜ್ ಇಳಿಯುತ್ತೆ ಅನ್ನೋದು ಈಗಿನ ಪ್ಲಾಸ್ಟಿಕ್ ಡಬ್ಬಕ್ಕೆ ನಿಜ ಅಲ್ಲ, ತಂಪಾಗಿದ್ರೆ ಸಾಕು.

ವಾರಕ್ಕೊಂದ್ಸಲ ಐದು ನಿಮಿಷ ಸ್ಟಾರ್ಟ್ ಮಾಡಿದ್ರೆ ಸಾಲ್ದಾ ಅಂತಾನೂ ಕೇಳಿದ್ರಿ. ಸಾಲಲ್ಲ, ಸೆಲ್ಫ್ ಎಳೆದಿದ್ದು ವಾಪಸ್ ತುಂಬೋಕೇ ಅದಕ್ಕಿಂತ ಜಾಸ್ತಿ ಹೊತ್ತು ಓಡಿಸ್ಬೇಕು. ನಿಮ್ದು ಮೆಂಟೆನೆನ್ಸ್ ಫ್ರೀ ಆಗಿದ್ರೆ ನೀರಿನ ಮಾತು ಬಿಟ್ಟು ಮಿಕ್ಕಿದ್ದೆಲ್ಲಾ ಇದೇ. ಫುಲ್ ಚಾರ್ಜ್ ಮಾಡಿ ಒಂದ್ರಾತ್ರಿ ಬಿಟ್ಟ ಮೇಲೂ 12.4 ದಾಟ್ತಿಲ್ಲ ಅಂದ್ರೆ ಈಗ್ಲೇ ಅಂಗಡೀಲಿ ಲೋಡ್ ಟೆಸ್ಟ್ (ಬ್ಯಾಟರಿ ಮೇಲೆ ಭಾರ ಹಾಕಿ ತಡೆಯುತ್ತಾ ಅಂತ ನೋಡೋದು) ಮಾಡಿಸ್ಬಿಡಿ, ಬಿತ್ತನೆ ದಿನ ಕೈಕೊಟ್ರೆ ಹದ ತಪ್ಪುತ್ತೆ.