ವೆಬರ್ ಲಂಡನ್‌ಗೆ ಹೋದದ್ದು ಹಣದ ಆಸೆಯಿಂದಲೇ?

ಕ್ಷಯರೋಗ ಉಲ್ಬಣಿಸಿದ್ದರೂ ಜರ್ಮನ್ ಸಂಗೀತ ಸಂಯೋಜಕ ಕಾರ್ಲ್ ಮರಿಯಾ ಫಾನ್ ವೆಬರ್ 1826ರಲ್ಲಿ ಲಂಡನ್‌ಗೆ ಹೋದದ್ದು ಹಣದಾಸೆಯಿಂದಲೇ ಎಂದು ಕೇಳಿದ್ದೀರಿ. ಹಣಕ್ಕಾಗಿ ಎಂಬುದು ನಿಜ, ಆಸೆ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ತಾನು ಹೆಚ್ಚು ಕಾಲ ಬದುಕುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಮನೆಯಲ್ಲಿ ಹೆಂಡತಿ ಕ್ಯಾರೊಲಿನ್, ಇಬ್ಬರು ಪುಟ್ಟ ಗಂಡುಮಕ್ಕಳು. 1821ರಲ್ಲಿ ಬರ್ಲಿನ್‌ನಲ್ಲಿ ಅವರ ಒಪೆರಾ (ಸಂಗೀತನಾಟಕ) ‘ಡೆರ್ ಫ್ರೈಶುಟ್ಸ್’ ಗೆದ್ದು ಯುರೋಪಿನಾದ್ಯಂತ ಹೆಸರಾಗಿತ್ತು, ನಿಜ. ಆದರೆ ಆ ಕಾಲದಲ್ಲಿ ಬೇರೆ ಊರಿನ ರಂಗಮಂದಿರಗಳು ಕೃತಿಯನ್ನು ಆಡಿದರೆ ಸಂಯೋಜಕನಿಗೆ ಗೌರವಧನ ಬರುವ ಭರವಸೆ ಇರಲಿಲ್ಲ. ಎರಡು ವರ್ಷದ ನಂತರ ವಿಯೆನ್ನಾದಲ್ಲಿ ಬಂದ ಅವರ ಒಪೆರಾ ‘ಯೂರಿಯಾಂತೆ’ ಅಷ್ಟು ನಿಲ್ಲಲಿಲ್ಲ.

ಲಂಡನ್‌ನ ಕೋವೆಂಟ್ ಗಾರ್ಡನ್ ರಂಗಮಂದಿರ ಇಂಗ್ಲಿಷ್ ಒಪೆರಾ ಕೇಳಿದಾಗ ಅವರು ಮಾಡಿದ್ದನ್ನು ನೋಡಿ: ಆ ಭಾಷೆಯನ್ನೇ ಪಾಠ ಹೇಳಿಸಿಕೊಂಡು ಕಲಿತರು! ಏಪ್ರಿಲ್ 12ರಂದು ಆ ಒಪೆರಾ, ‘ಒಬೆರಾನ್’, ರಂಗಕ್ಕೆ ಬಂತು. ಮೊದಲ ಪ್ರದರ್ಶನಗಳಲ್ಲಿ ವಾದ್ಯವೃಂದವನ್ನು ಸ್ವತಃ ನಿರ್ದೇಶಿಸಿದರು. ಜೂನ್ 5ರಂದು, ಊರಿಗೆ ಮರಳುವ ಸಿದ್ಧತೆಯಲ್ಲಿದ್ದಾಗ, ಅಲ್ಲಿಯೇ ತೀರಿಕೊಂಡರು. ವಯಸ್ಸು 39.

ಇನ್ನೊಂದು ಸಂಗತಿ ಹೇಳಲೇಬೇಕು. 1844ರಲ್ಲಿ ಅವರ ಅವಶೇಷಗಳನ್ನು ಅವರ ಊರಾಗಿದ್ದ ಜರ್ಮನಿಯ ಡ್ರೆಸ್ಡೆನ್‌ಗೆ ತಂದಾಗ ಸಮಾಧಿಯ ಬಳಿ ಮಾತನಾಡಿದವರು ಮುಂದಿನ ಪೀಳಿಗೆಯ ಒಪೆರಾ ಸಂಯೋಜಕ ರಿಚರ್ಡ್ ವಾಗ್ನರ್. ‘ಒಬೆರಾನ್’ ಪೂರ್ವರಂಗದ (ಆರಂಭದ ವಾದ್ಯಸಂಗೀತದ) ಮೊದಲಿಗೇ ಬರುವ ಕೊಂಬಿನ ಮೂರು ಸ್ವರಗಳನ್ನು ಒಮ್ಮೆ ಕೇಳಿ.